ನಮ್ಮ ಮನೆಯ ವರ್ಷ ಯಾವತ್ತು ಶುರು?

ಮಕ್ಕಳೇ, ವರ್ಷ ಯಾವತ್ತು ಶುರುವಾಗುತ್ತದೆ ಎಂದು ಕೇಳಿದರೆ ನೀವು ಜನವರಿ 1 ಎನ್ನುತ್ತೀರಿ. ಅಜ್ಜಿಯನ್ನು ಕೇಳಿ, ಯುಗಾದಿ ಎನ್ನುತ್ತಾರೆ. ಮೇಷ್ಟ್ರಿಗೆ ಶಾಲೆಯ ಬಾಗಿಲು ತೆರೆದ ದಿನ. ರೈತನಿಗೆ ಬಿತ್ತನೆಗೆ ಹದವಾಗುವ ಮಳೆ ಬಿದ್ದ ದಿನ. ಬ್ಯಾಂಕಿನವರಿಗೆ ಏಪ್ರಿಲ್ 1. ನಾನು ಗುಮಾಸ್ತನಾಗಿ ಸೇರಿದ ಕಾಲದಲ್ಲಿ ಬ್ಯಾಂಕಿನ ಲೆಕ್ಕ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಮಾರ್ಚ್ 31ರ ಪದ್ಧತಿ ಬಂದದ್ದು 1989ರಲ್ಲಿ.

ಈ ಎಲ್ಲ ವರ್ಷಗಳೂ ಒಂದೇ ಸೂರಿನ ಕೆಳಗೆ ನಡೆಯುತ್ತವೆ. ಆದರೆ ಮನೆಗೆ ಏನು ಬಂತು, ಏನು ಹೋಯಿತು, ಯಾರು ಎಷ್ಟು ಬೆಳೆದರು ಎಂದು ಲೆಕ್ಕ ಮುಗಿಸುವವರು ಯಾರೂ ಇಲ್ಲ. ನಾನು ಕ್ಯಾಲೆಂಡರಿನ ಹಾಳೆಯ ಮೇಲೆ ದಿನಕ್ಕೊಂದು ಸಾಲು ಬರೆಯುತ್ತೇನೆ. ಅವುಗಳಲ್ಲಿ 2022ರ ಮೇ ತಿಂಗಳಿಂದ 2023ರ ಜೂನ್‌ವರೆಗಿನ ಹಾಳೆಗಳನ್ನು ಇಲ್ಲಿ ಬಿಚ್ಚುತ್ತಿದ್ದೇನೆ. ಊರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿ. ಮನೆಯಲ್ಲಿ ನಾನು, ನನ್ನ ಮನೆಯವರು, ತೋಟ ನೋಡಿಕೊಳ್ಳುವ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು.

ಒಂದನೇ ತರಗತಿ, ಮೊದಲ ಹಲ್ಲು

ಆ ವರ್ಷ ಶಾಲೆಗಳು ಮೇ 16ಕ್ಕೇ ತೆರೆದವು. ಕೊರೊನಾದಿಂದ ಎರಡು ವರ್ಷ ಪಾಠ ಸರಿಯಾಗಿ ನಡೆದಿರಲಿಲ್ಲ. ಅದನ್ನು ತುಂಬಿಸಲು ಸರ್ಕಾರ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮ ಮಾಡಿತ್ತು. ಮೊಮ್ಮಗಳು ಐದನೇ ತರಗತಿಗೆ ಬಂದಳು. ಮೂರನೆಯದನ್ನು ಅವಳು ಓದಿದ್ದೇ ಅವರಪ್ಪನ ಫೋನಿನಲ್ಲಿ. ಮಗ್ಗಿ ಕಲಿತದ್ದು ಅಡಿಕೆ ಒಣಹಾಕುವ ಕಣದಲ್ಲಿ, ಅವರಮ್ಮನ ಹತ್ತಿರ.

ಮೊಮ್ಮಗ ಒಂದನೇ ತರಗತಿಗೆ ಸೇರಿದ. ಅವನದು ‘ನಲಿ-ಕಲಿ’ ಕೋಣೆ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂತು ಕಾರ್ಡು ಹಿಡಿದು ಆಡುತ್ತ ಕಲಿಯುತ್ತಾರೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಪದ್ಧತಿ ಇದು. ನಮ್ಮ ಕಾಲದಲ್ಲಿ ಮರಳಿನ ಮೇಲೆ ಬೆರಳಿಟ್ಟು ತಿದ್ದಬೇಕಿತ್ತು ಎಂದರೆ, “ಅಜ್ಜ, ಬೆರಳು ಉರಿಯುತ್ತಿರಲಿಲ್ಲವಾ?” ಎಂದು ಕೇಳಿದ. ಉರಿಯುತ್ತಿತ್ತು.

ಜುಲೈ ಹಾಳೆಯಲ್ಲಿ ಒಂದೇ ಮಾತಿದೆ: ‘ಹಲ್ಲು ಬಿತ್ತು.’ ಅವರಜ್ಜಿ ಅದನ್ನು ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಸಿದರು. ಹಾಲುಹಲ್ಲು ಒಟ್ಟು 20. ಆರನೇ ವಯಸ್ಸಿನ ಸುಮಾರಿಗೆ ಬೀಳಲು ಶುರುವಾದರೆ ಮುಗಿಯುವುದು ಹನ್ನೆರಡರ ಹೊತ್ತಿಗೆ. ಇನ್ನೂ 19 ಸಲ ಎಸೆಯಬೇಕು ಎಂದು ಲೆಕ್ಕ ಹಾಕಿ ಅವನು ಖುಷಿಪಟ್ಟ.

ಕೋಡಿ ಬಿದ್ದ ವರ್ಷ

ಗಣೇಶನ ಹಬ್ಬ ಆಗಸ್ಟ್ 31ಕ್ಕೆ. ಅದಾಗಿ ಎರಡೇ ದಿನಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಬಾಯಲ್ಲಿ ಅದು ಮಾರಿಕಣಿವೆ. ವೇದಾವತಿ ನದಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಈ ಜಲಾಶಯ ಅದಕ್ಕೂ ಮೊದಲು ತುಂಬಿ ಹರಿದದ್ದು 1933ರಲ್ಲಿ ಮಾತ್ರ. ಆಗ ನಮ್ಮಪ್ಪ ಇನ್ನೂ ಹುಡುಗ. ನಾನು ಹುಟ್ಟಿ, ಓದಿ, ನಿವೃತ್ತನಾದರೂ ಕೋಡಿ ಕಂಡಿರಲಿಲ್ಲ. 89 ವರ್ಷದ ಮೇಲೆ ಬಿದ್ದ ಕೋಡಿಯನ್ನು ಆರು ವರ್ಷದ ಮೊಮ್ಮಗ ಅಜ್ಜನ ಜೊತೆಗೇ ನೋಡಿದ.

ಹೊಸದುರ್ಗದ ಮೇಲೆ ಹೋದೆವು. ದಾರಿಯುದ್ದಕ್ಕೂ ಜಾತ್ರೆಗೆ ಹೊರಟಂತೆ ಜನ. ಹಿನ್ನೀರಿನ ಪಕ್ಕದ ಹಳ್ಳಿಗಳಲ್ಲಿ ಹೊಲ, ತೋಟಕ್ಕೆ ನೀರು ನುಗ್ಗಿತ್ತು. ಸಂಭ್ರಮದ ನೀರೂ ಯಾರದೋ ಬೆಳೆಯ ಮೇಲೆ ನಿಂತಿರುತ್ತದೆ ಎಂಬುದನ್ನು ಮಕ್ಕಳು ಅಲ್ಲೇ ಕಂಡರು.

ಜಲಾಶಯದ ನೀರನ್ನು ಅಡಿಯಲ್ಲಿ ಅಳೆಯುತ್ತಾರೆ. 130 ಅಡಿ ಮುಟ್ಟಿದರೆ ಕೋಡಿ. ಮನೆಗೆ ಬಂದ ಮೇಲೆ ಮಕ್ಕಳು ತಮ್ಮನ್ನೂ ಅಳೆಯಿರಿ ಎಂದು ಹಟ ಹಿಡಿದರು. ನಡುಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. ಮೊಮ್ಮಗಳು 4 ಅಡಿ 4 ಅಂಗುಲ. ಮೊಮ್ಮಗ 3 ಅಡಿ 9 ಅಂಗುಲ.

ಗೌರಿಯ ಕಾಯಿಲೆ

ಅಕ್ಟೋಬರ್ ಹಾಳೆ ಅಷ್ಟು ಚೆನ್ನಾಗಿಲ್ಲ. ಮಳೆ ಬಿಡದೆ ಮೆಕ್ಕೆಜೋಳದ ತೆನೆ ಹೊಲದಲ್ಲೇ ಮೊಳಕೆ ಬಂತು. ಬೇಯಿಸಿದ ಅಡಿಕೆ ಒಣಗಲು ಬಿಸಿಲಿಲ್ಲ. ಆ ವರ್ಷ ರಾಜ್ಯದ ಉದ್ದಗಲಕ್ಕೂ ದನಗಳಿಗೆ ಚರ್ಮಗಂಟು ರೋಗ ಹಬ್ಬಿತ್ತು. ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವ ರೋಗ. ಮನುಷ್ಯರಿಗೆ ಅಂಟುವುದಿಲ್ಲ. ನಮ್ಮ ಹಸು ಗೌರಿಗೆ ಮೈತುಂಬ ಗಂಟು ಎದ್ದು ಮೇವು ಬಿಟ್ಟಿತು. ಮೊಮ್ಮಗಳು ದಿನಾ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ರಾಗಿ ಗಂಜಿ ಕುಡಿಸುತ್ತಿದ್ದಳು. ಮೂರು ವಾರಕ್ಕೆ ಗೌರಿ ಎದ್ದಿತು. ಪಕ್ಕದ ಮನೆಯ ಎತ್ತು ಉಳಿಯಲಿಲ್ಲ. ಅವತ್ತು ಅವರ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸೊಸೆ ರೊಟ್ಟಿ, ಪಲ್ಯ ಕೊಟ್ಟು ಬಂದಳು.

ಹೋಗಬೇಕೋ, ಬೇಡವೋ

ಡಿಸೆಂಬರಿನಲ್ಲಿ ಶಾಲೆಯ ಮೇಡಂ ಮನೆಗೆ ಬಂದು, ಹುಡುಗಿ ಚೆನ್ನಾಗಿ ಓದುತ್ತಾಳೆ, ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಿ ಎಂದರು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಆರರಿಂದ ಹತ್ತನೇ ತರಗತಿವರೆಗೆ ಊಟ, ವಸತಿ, ಪಾಠ ಎಲ್ಲ ಸರ್ಕಾರದ್ದೇ. ಮಗ ಆಗಲಿ ಎಂದ. ಸೊಸೆ ಸುಮ್ಮನಿದ್ದಳು. ನಮ್ಮ ಮನೆಯವರು ಮಾತ್ರ ಖಡಾಖಂಡಿತವಾಗಿ ಬೇಡ ಎಂದರು. “ಹತ್ತು ವರ್ಷದ ಕೂಸು. ರಾತ್ರಿ ಹೆದರಿಕೊಂಡರೆ ಯಾರನ್ನು ಕರೆಯಬೇಕು?” ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರವಿರಲಿಲ್ಲ.

ಅವಳಿಗೆ ಆ ವರ್ಷ ಇನ್ನೊಂದು ಪರೀಕ್ಷೆಯ ಕಾಟವೂ ಇತ್ತು. ಐದು ಮತ್ತು ಎಂಟನೇ ತರಗತಿಯ ಮೌಲ್ಯಾಂಕನ ಪರೀಕ್ಷೆ 2023ರ ಮಾರ್ಚ್ 13ಕ್ಕೆ ನಿಗದಿಯಾಗಿತ್ತು. ವಿಷಯ ಹೈಕೋರ್ಟಿಗೆ ಹೋಗಿ ಕೊನೆಗೆ ಶುರುವಾದದ್ದು 27ಕ್ಕೆ. ನಡುವೆ 22ಕ್ಕೆ ಯುಗಾದಿ. ಒಬ್ಬಟ್ಟಿನ ತಟ್ಟೆ ಪಕ್ಕದಲ್ಲೇ ಪರಿಸರ ಅಧ್ಯಯನದ ಪುಸ್ತಕ. ಅಜ್ಜಿ ಬೇವು ಸ್ವಲ್ಪ, ಬೆಲ್ಲ ಜಾಸ್ತಿ ಹಾಕಿ ಕೊಟ್ಟರು.

ಪ್ರವೇಶ ಪರೀಕ್ಷೆಯನ್ನೂ ಬರೆದಳು. ಪಕ್ಕದ ತಾಲ್ಲೂಕಿನ ಶಾಲೆಯಲ್ಲಿ ಸೀಟು ಸಿಕ್ಕಿತು. ಅಷ್ಟರಲ್ಲಿ ಮೇ 19ರಂದು 2,000 ರೂಪಾಯಿ ನೋಟು ವಾಪಸ್ ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ಮಾರನೆಯ ಬೆಳಿಗ್ಗೆ ನಮ್ಮ ಮನೆಯವರು ಸಾಸಿವೆ ಡಬ್ಬಿಯಿಂದ ಮಡಚಿದ ಮೂರು ನೋಟು ತೆಗೆದು ನನ್ನ ಕೈಗಿಟ್ಟರು. ಬ್ಯಾಂಕಿನವನ ಮನೆಯಲ್ಲೇ ಲೆಕ್ಕಕ್ಕೆ ಸಿಗದ ಆರು ಸಾವಿರ! “ಬದಲಾಯಿಸಿಕೊಂಡು ಬನ್ನಿ. ಅವಳಿಗೆ ಒಳ್ಳೆಯ ಟ್ರಂಕು ತರಬೇಕು. ಬೀಗ ಗಟ್ಟಿ ಇರಲಿ” ಎಂದರು. ಬೇಡ ಎಂಬ ಮಾತು ಅಲ್ಲಿಗೆ ನಿಂತಿತು.

ಸೊನ್ನೆ ರೂಪಾಯಿ ಟಿಕೆಟ್

ಜೂನ್ ಮೊದಲ ವಾರ ಟ್ರಂಕು, ಹಾಸಿಗೆ, ತಟ್ಟೆ, ಲೋಟದ ಜೊತೆ ಮೊಮ್ಮಗಳು ಹೋದಳು. ಅಳಲಿಲ್ಲ. ಅತ್ತವನು ತಮ್ಮ. ರಾತ್ರಿ ತನ್ನ ಪಕ್ಕದ ಜಾಗದಲ್ಲಿ ಅವಳ ದಿಂಬು ಇಟ್ಟುಕೊಂಡು ಮಲಗಿದ.

ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಕಡೆ ಖಾಸಗಿ ಬಸ್ಸೇ ಹೆಚ್ಚು, ಅವುಗಳಲ್ಲಿ ಈ ಸೌಲಭ್ಯವಿಲ್ಲ. ಆದ್ದರಿಂದ ಅತ್ತೆ, ಸೊಸೆ ಇಬ್ಬರೂ ಬೆಳಿಗ್ಗೆ ಬೇಗ ಹೊಳಲ್ಕೆರೆಗೆ ಹೋಗಿ ಸರ್ಕಾರಿ ಬಸ್ಸಿಗೆ ಕಾದು ಮಗುವನ್ನು ನೋಡಲು ಹೋದರು. ಸಂಜೆ ಬಂದವರೇ ಅಜ್ಜಿ ಹೇಳಿದ ಮೊದಲ ಮಾತು: “ರಾತ್ರಿ ಹೆದರಿಕೆ ಆದರೆ ಪಕ್ಕದ ಮಂಚದ ಹುಡುಗಿಯನ್ನು ಕರೆಯುತ್ತಾಳಂತೆ. ಆ ಹುಡುಗಿಯೂ ಇವಳನ್ನೇ ಕರೆಯುತ್ತಾಳಂತೆ.” ಡಿಸೆಂಬರಿನ ಪ್ರಶ್ನೆಗೆ ಉತ್ತರ ತಂದವರು ಅವರೇ. ಆ ಸೊನ್ನೆ ರೂಪಾಯಿಯ ಟಿಕೆಟ್ ಈಗಲೂ ಸಾಸಿವೆ ಡಬ್ಬಿಯಲ್ಲಿದೆ.

ಅದರ ಹಿಂದೆಯೇ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅವುಗಳಲ್ಲಿ ನಮ್ಮದೂ ಒಂದು. ಕೋಡಿ ಬಿದ್ದ ಮರುವರ್ಷವೇ ಬರ. ದಸರಾ ರಜೆಗೆ ಬಂದ ಮೊಮ್ಮಗಳನ್ನು ಅದೇ ಚೌಕಟ್ಟಿಗೆ ನಿಲ್ಲಿಸಿದೆವು. ಜಲಾಶಯದ ನೀರು ಇಳಿದಿತ್ತು, ಅವಳ ಗೆರೆ ಎರಡೂವರೆ ಅಂಗುಲ ಏರಿತ್ತು.

ಮಕ್ಕಳೇ, ನೀವೂ ಒಂದು ನೋಟುಪುಸ್ತಕ ಮಾಡಿ. ದಿನಕ್ಕೊಂದು ಸಾಲು ಸಾಕು. ಮಳೆ ಬಂತೇ, ಯಾರು ಬಂದರು, ಯಾರಿಗೆ ಜ್ವರ, ಹಲ್ಲು ಬಿತ್ತೇ, ಹಸು ಕರು ಹಾಕಿತೇ, ಅಷ್ಟೇ. ಹುಟ್ಟುಹಬ್ಬದ ದಿನ ಎತ್ತರ ಅಳೆದು ಬರೆಯಿರಿ. ಗೊತ್ತಿಲ್ಲದ್ದನ್ನು ಅಜ್ಜ-ಅಜ್ಜಿಯರನ್ನು ಕೇಳಿ. ನಿಮ್ಮ ಊರಿನ ಕೆರೆ ಹಿಂದೆ ಯಾವಾಗ ಕೋಡಿ ಬಿದ್ದಿತ್ತು ಎಂದು ಅವರಿಗೆ ನೆನಪಿರುತ್ತದೆ. ಅವರು ಹೇಳಿದ ದಿನವೇ ಬರೆದುಕೊಳ್ಳಿ. ಆ ಪುಸ್ತಕದ ಮೊದಲ ಸಾಲು ಬರೆದ ದಿನವೇ ನಿಮ್ಮ ಮನೆಯ ವರ್ಷ ಶುರು.