ದ್ವೇಷ ಭಾಷಣ: ಕಾನೂನು ಇದೆ, ಕೇಸ್ ಸಿಕ್ಕಿಕೊಳ್ಳುವುದು ಎಲ್ಲಿ?

ಮಂಗಳೂರು: ಊರಲ್ಲಿ ಗಲಾಟೆ ಎದ್ದರೆ ಮೊದಲು ಶಟರ್ ಎಳೆಯಬೇಕಾದವರು ಅಂಗಡಿಯವರು. 2025ರ ಮೇ 1ರಂದು ಬಜಪೆಯಲ್ಲಿ ಕೊಲೆ ನಡೆದ ಮರುದಿನವೇ ಬಂದ್ ಆಯ್ತು, ನಿಷೇಧಾಜ್ಞೆಯೂ ಬಂತು. ಆ ದಿನಗಳಲ್ಲಿ ಪ್ರಚೋದನಕಾರಿ ಪೋಸ್ಟ್‌ಗಳ ಮೇಲೆ ಪೊಲೀಸರು ಕೇಸ್ ದಾಖಲಿಸಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. ಹಾಗಾದ್ರೆ ಅಷ್ಟರವರೆಗೆ ಕಾನೂನೇ ಇರಲಿಲ್ವಾ?

ಈಗಿರುವ ಸೆಕ್ಷನ್‌ಗಳು
ಇತ್ತು, ಈಗಲೂ ಇದೆ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 196 (ಗುಂಪುಗಳ ನಡುವೆ ವೈರ ಹುಟ್ಟಿಸುವುದು), 299 (ಧಾರ್ಮಿಕ ಭಾವನೆ ಕೆರಳಿಸುವುದು), 353 (ಸುಳ್ಳು ಸುದ್ದಿ, ವದಂತಿ ಹಬ್ಬಿಸುವುದು). ಮೂರರಲ್ಲೂ 3 ವರ್ಷದವರೆಗೆ ಜೈಲು. 196 ಮತ್ತು 353ರ ಅಪರಾಧವನ್ನು ಆರಾಧನಾ ಸ್ಥಳದಲ್ಲಿ ಮಾಡಿದರೆ 5 ವರ್ಷದವರೆಗೆ. ದೂರು ಬಾರದಿದ್ದರೂ ಪೊಲೀಸರೇ ಸ್ವಯಂಪ್ರೇರಿತವಾಗಿ ಕೇಸ್ ಹಾಕಬೇಕು, ಯಾವ ಧರ್ಮದವರೆಂದು ನೋಡಬಾರದು ಎಂದು 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ತಡೆ ಎಲ್ಲಿ?
ಎಫ್‌ಐಆರ್ ಆದ ಮೇಲೆ. ಈ ಅಪರಾಧಗಳನ್ನು ಕೋರ್ಟ್ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಮೊದಲೇ ಸರಕಾರದ ಅನುಮತಿ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 217 ಹೇಳುವುದು ಇದನ್ನೇ. ಅನುಮತಿಯ ಕಡತ ಕೂತಲ್ಲೇ ಕೂತರೆ ಶಿಕ್ಷೆ 3 ವರ್ಷವಾದರೂ 7 ವರ್ಷವಾದರೂ ಒಂದೇ. ಕಾನೂನು ಗಟ್ಟಿಯಾಗಬೇಕು ಅಂದರೆ ಮೊದಲು ನೋಡಬೇಕಾದ್ದು ಇಲ್ಲಿ.

ಹೊಸ ಮಸೂದೆಯಲ್ಲಿ ಏನಿದೆ?
1ರಿಂದ 7 ವರ್ಷ ಜೈಲು, 50,000 ರೂಪಾಯಿ ದಂಡ, ಜಾಮೀನುರಹಿತ. ಧರ್ಮ, ಜಾತಿಯ ಜೊತೆ ಭಾಷೆ, ಲಿಂಗ, ಅಂಗವೈಕಲ್ಯವನ್ನು ಗುರಿ ಮಾಡುವುದೂ ಸೇರಿದೆ. ಸಂಘಟನೆಯ ಹೊಣೆಗಾರರೂ ಉತ್ತರ ಕೊಡಬೇಕಾಗುತ್ತದೆ. ಟೀಕಿಸುವವರ ಬಾಯಿ ಮುಚ್ಚಿಸಲು ಇದು ಬಳಕೆಯಾಗುತ್ತದೆ ಎಂಬುದು ವಿರೋಧ ಪಕ್ಷದ ಆಕ್ಷೇಪ. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ: ಐಟಿ ಕಾಯ್ದೆಯ 66ಎ ಸೆಕ್ಷನ್ ಅಸ್ಪಷ್ಟವಾಗಿದೆ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಅದನ್ನು ರದ್ದು ಮಾಡಿತ್ತು. ಸದನದಲ್ಲಿ ಪಾಸಾದ ಮಸೂದೆ ಕಾಯ್ದೆಯಾಗಲು ಅಂಕಿತ ಬೇಕು. ಜಾರಿಗೆ ಬರುವವರೆಗೆ ಠಾಣೆಯಲ್ಲಿ ನಡೆಯುವುದು ಹಳೆ ಸೆಕ್ಷನ್‌ಗಳೇ.

ನೀವು ಏನು ಮಾಡಬಹುದು?
* "ಬಂದದ್ದನ್ನು ಫಾರ್ವರ್ಡ್ ಮಾಡಿದ್ದು ಅಷ್ಟೇ" ಎಂದರೆ ಸಾಲದು. 353ರ ಪ್ರಕಾರ ಹಂಚುವುದೂ ಅಪರಾಧವಾಗಬಹುದು.
* "ಇಂಥವರ ಅಂಗಡಿಗೆ ಹೋಗಬೇಡಿ" ಎಂಬ ಮೆಸೇಜ್ ಬಂದರೆ ಡಿಲೀಟ್ ಮಾಡಬೇಡಿ. ಕಳಿಸಿದ ನಂಬರ್, ಗ್ರೂಪ್ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲ ಮೆಸೇಜ್ ಇರುವ ಫೋನನ್ನೂ ಜೋಪಾನವಾಗಿಡಿ, ಸಾಕ್ಷ್ಯಕ್ಕೆ ಅದು ಬೇಕಾಗುತ್ತದೆ.
* ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.
* ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ನಗರದವರು ಪೊಲೀಸ್ ಕಮಿಷನರಿಗೆ, ಗ್ರಾಮಾಂತರದವರು ಎಸ್‌ಪಿಗೆ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು.
* ಕೇಸ್ ಆಯ್ತೆಂದು ಸುಮ್ಮನಾಗಬೇಡಿ. ಸರಕಾರದ ಅನುಮತಿ ಬಂತಾ ಎಂದು ಕೇಳುತ್ತಾ ಇರಿ.