ಕಾಲುವೆ ಪಕ್ಕದ ಬೇಲಿ ಮತ್ತು ಪರದೆಯ ಮೇಲಿನ ಗಣಿತ



ಸಿಂಧನೂರಿನ ಸುತ್ತಮುತ್ತ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಊರುಗಳಲ್ಲಿ ಬೆಳೆದವರಿಗೆ ಈ ಲೆಕ್ಕ ಹೊಸದೆನಿಸಲಾರದು. ಒಬ್ಬ ರೈತನ ಬಳಿ 120 ಮೀಟರ್ ಬೇಲಿಗೆ ಸಾಕಾಗುವಷ್ಟು ತಂತಿ ಇದೆ. ಕಾಲುವೆಗೆ ತಾಗಿದಂತೆ ಆಯತಾಕಾರದ ಜಾಗವೊಂದಕ್ಕೆ ಬೇಲಿ ಹಾಕಿ ಬದನೆ, ಮೆಣಸಿನಕಾಯಿ ಬೆಳೆಯಬೇಕೆಂಬುದು ಅವನ ಆಸೆ. ಕಾಲುವೆಯ ಬದಿಗೆ ಬೇಲಿ ಬೇಡ. ಉಳಿದ ಮೂರು ಬದಿಗೆ ಸಾಕು. ಅತಿ ಹೆಚ್ಚು ಜಾಗ ಬೇಲಿಯೊಳಗೆ ಬರಬೇಕಾದರೆ ಉದ್ದ ಎಷ್ಟಿರಬೇಕು, ಅಗಲ ಎಷ್ಟಿರಬೇಕು? (ಕಾಲುವೆಯ ದಂಡೆ ಸರ್ಕಾರದ್ದು, ಅದಕ್ಕೆ ತಾಗಿ ಬೇಲಿ ಹಾಕುವಂತಿಲ್ಲ ಎಂದು ಮನೆಯ ಹಿರಿಯರು ಆಕ್ಷೇಪಿಸಬಹುದು. ಅವರ ಮಾತು ಸರಿ. ಲೆಕ್ಕದ ಮಟ್ಟಿಗೆ ಇಷ್ಟು ಸ್ವಾತಂತ್ರ್ಯ ತೆಗೆದುಕೊಳ್ಳೋಣ.)

ಮುಂದೆ ಓದುವ ಮೊದಲು ನಿಮ್ಮ ಊಹೆಯನ್ನು ಒಂದು ಕಾಗದದ ಮೇಲೆ ಬರೆದಿಡಿ.

ಬಹಳ ಮಂದಿ ಚೌಕವೇ ದೊಡ್ಡದೆಂದು ನಂಬಿ 40 ಮೀಟರ್‌ಗೆ 40 ಮೀಟರ್ ಎನ್ನುತ್ತಾರೆ. ಹಾಗೆ ಮಾಡಿದರೆ 1600 ಚದರ ಮೀಟರ್ ಸಿಗುತ್ತದೆ. ಈಗ ಕಾಲುವೆಯಿಂದ ಹೊಲದ ಕಡೆಗೆ ಬರುವ ಬದಿಯನ್ನು 'ಅ' ಎಂದು ಕರೆಯೋಣ. ಅಂತಹ ಬದಿಗಳು ಎರಡು. ಆದ್ದರಿಂದ ಕಾಲುವೆಗೆ ಸಮಾಂತರವಾದ ಬದಿಗೆ ಉಳಿಯುವ ತಂತಿ 120 − 2ಅ. 'ಅ' 10 ಆದಾಗ ವಿಸ್ತೀರ್ಣ 1000, 20 ಆದಾಗ 1600, 30 ಆದಾಗ 1800, 40 ಆದಾಗ ಮತ್ತೆ 1600, 50 ಆದಾಗ ಮತ್ತೆ 1000. ಚೌಕ ಸೋತಿತು, 30ಕ್ಕೆ 60ರ ಆಯತ ಅದಕ್ಕಿಂತ 200 ಚದರ ಮೀಟರ್ ಹೆಚ್ಚು ಕೊಟ್ಟಿತು.

ಇಷ್ಟನ್ನು ಕಪ್ಪುಹಲಗೆಯ ಮೇಲೂ ಮಾಡಬಹುದು. ಹಾಗಿದ್ದರೆ ಗಣಿತದ ತರಗತಿಗೆ ಗಣಕಯಂತ್ರ ಏಕೆ ಬೇಕು?

ಹಲಗೆಯ ಮೇಲಿನ ಚಿತ್ರ ಬರೆದ ಕೂಡಲೇ ನಿಂತುಬಿಡುತ್ತದೆ ಎಂಬುದೇ ಇದಕ್ಕೆ ಉತ್ತರ. ಗುರುಗಳು ಐದು ಆಯತಗಳನ್ನು ಬರೆದರೆ ನಮಗೆ ಕಾಣುವುದು ಐದೇ. ಅವುಗಳ ನಡುವೆ ಏನಾಗುತ್ತದೆ ಎಂಬುದನ್ನು ನಾವು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ಜಾಣರಿಗೆ ಅದು ಕಾಣುತ್ತದೆ. ಉಳಿದವರು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಜಿಯೋಜೀಬ್ರಾದಂತಹ ತಂತ್ರಾಂಶದ ಉಪಯೋಗ ತಿಳಿಯುವುದು ಇಲ್ಲಿಯೇ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ತಮ್ಮ ಸ್ನಾತಕೋತ್ತರ ಅಧ್ಯಯನದ ಭಾಗವಾಗಿ ಇದನ್ನು ಆರಂಭಿಸಿದರು. ಜ್ಯಾಮಿತಿ, ಬೀಜಗಣಿತ ಎಂಬ ಎರಡು ವಿಷಯಗಳ ಇಂಗ್ಲಿಷ್ ಹೆಸರುಗಳನ್ನು ಬೆಸೆದು ಅದಕ್ಕೆ ಹೆಸರಿಟ್ಟರು. ಶಾಲೆಯ ಬಳಕೆಗೆ ಹಣ ಕೊಡಬೇಕಿಲ್ಲ. ಒಮ್ಮೆ ಗಣಕದಲ್ಲೋ ಫೋನಿನಲ್ಲೋ ಅಳವಡಿಸಿಕೊಂಡರೆ ಅಂತರಜಾಲ ಇಲ್ಲದಿದ್ದಾಗಲೂ ಕೆಲಸ ಮಾಡುತ್ತದೆ.

ಅದರಲ್ಲಿ ನಮ್ಮ ಬೇಲಿಯನ್ನು ಬರೆದು, 'ಅ' ಬೆಲೆಯನ್ನು ಬದಲಿಸಲು ಸ್ಲೈಡರ್ ಎಂಬ ಒಂದು ಚಿಕ್ಕ ಗೆರೆಯನ್ನು ಇಟ್ಟುಕೊಳ್ಳಬೇಕು. ಗೆರೆಯ ಮೇಲಿನ ಚುಕ್ಕೆಯನ್ನು ಬೆರಳಿನಿಂದ ಸರಿಸಿದಂತೆ ಆಯತ ಹಿಗ್ಗುತ್ತದೆ, ಕುಗ್ಗುತ್ತದೆ. ಪಕ್ಕದಲ್ಲೇ ವಿಸ್ತೀರ್ಣದ ನಕ್ಷೆ ಮೇಲೇರಿ, ಒಂದು ಕಡೆ ತಿರುಗಿ, ಇಳಿಯುತ್ತದೆ. ಹತ್ತನೆಯ ತರಗತಿಯಲ್ಲಿ ವರ್ಗ ಬಹುಪದೋಕ್ತಿಯ ಪಾಠದಲ್ಲಿ ಬರುವ ಪರವಲಯ ಇದೇ. ಕಮಾನಿನ ತುದಿ ಎಂದರೆ ಇನ್ನು ಹೆಚ್ಚಲಾರದ ಜಾಗ ಎಂಬ ಅರ್ಥ ಕಣ್ಣಿಗೇ ಹೊಳೆಯುತ್ತದೆ.

ಇನ್ನು ಎಚ್ಚರಿಕೆಯ ಮಾತು. ಪರದೆಯ ಮೇಲೆ ದಶಮಾಂಶ ಬೇಡವೆಂದು ಹೊಂದಿಸಿ, ಚುಕ್ಕೆಯನ್ನು ನಿಧಾನವಾಗಿ ಸರಿಸಿ ನೋಡಿ. 'ಅ' 29.6 ಇದ್ದಾಗಲೇ ಪರದೆ 1800 ಎನ್ನುತ್ತದೆ. 30ಕ್ಕೂ 1800, 30.4ಕ್ಕೂ 1800! ಹಾಗಾದರೆ ಅತಿ ದೊಡ್ಡ ಆಯತಗಳು ಹಲವು ಇವೆಯೇ? ಇಲ್ಲ. 29.6ಕ್ಕೆ ನಿಜವಾದ ವಿಸ್ತೀರ್ಣ 1799.68, ಯಂತ್ರ ಅದನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು ತೋರಿಸಿದೆ. ಎರಡು ದಶಮಾಂಶ ಸ್ಥಾನ ಕೊಟ್ಟರೂ 29.96ಕ್ಕೆ 1800.00 ಎಂದೇ ಬರುತ್ತದೆ. ಸ್ಥಾನಗಳನ್ನು ಹೆಚ್ಚಿಸುತ್ತ ಹೋದರೆ ಸಂದೇಹ ಕಿರಿದಾಗುತ್ತದೆಯೇ ಹೊರತು ಮುಗಿಯುವುದಿಲ್ಲ.

ಅದನ್ನು ಮುಗಿಸುವುದು ಪೆನ್ಸಿಲ್ಲು. ವರ್ಗ ಪೂರ್ಣಗೊಳಿಸುವ ವಿಧಾನ ನಿಮಗೆ ಗೊತ್ತಿದೆ. ಅ × (120 − 2ಅ) ಎಂಬುದನ್ನು ಅದೇ ವಿಧಾನದಿಂದ ಹೀಗೆ ಬರೆಯಬಹುದು:

1800 − 2 × (ಅ − 30)²

ವರ್ಗ ಎಂದಿಗೂ ಋಣ ಸಂಖ್ಯೆಯಾಗಲಾರದು. ಆದ್ದರಿಂದ 1800ರಿಂದ ಏನಾದರೂ ಕಳೆಯುತ್ತಲೇ ಇರುತ್ತೇವೆ; 'ಅ' 30 ಆದಾಗ ಮಾತ್ರ ಕಳೆಯುವುದು ಸೊನ್ನೆ. ಉತ್ತರ ಒಂದೇ ಎಂಬುದು ಎರಡು ಸಾಲಿನಲ್ಲಿ ಸಿದ್ಧವಾಯಿತು. ಪರದೆ ಎಲ್ಲಿ ನೋಡಬೇಕೆಂದು ತೋರಿಸಿತು, ಏಕೆ ಎಂದು ಹೇಳಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಚುಕ್ಕೆ ಸರಿಸಲು ಸಾಧ್ಯವಿಲ್ಲ ಎಂಬುದನ್ನೂ ಮರೆಯಬಾರದು.

ನಮ್ಮ ರಾಜ್ಯದಲ್ಲಿ ಈ ಪ್ರಯತ್ನಗಳು ಹೊಸತಲ್ಲ. ಈ ಶತಮಾನದ ಆರಂಭದಲ್ಲಿ 'ಮಾಹಿತಿ ಸಿಂಧು' ಯೋಜನೆಯಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರ ಬಂತು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. 2010ರ ದಶಕದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕರಿಗೆ ಜಿಯೋಜೀಬ್ರಾ ತರಬೇತಿ ನೀಡಲಾಯಿತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಸ್ಮಾರ್ಟ್ ಫೋನ್ ಇಲ್ಲದ ಮನೆಯ ಮಕ್ಕಳಿಗೂ ಅವು ತಲುಪಿದ್ದು ದೊಡ್ಡ ಸಂಗತಿ. ಆದರೆ ಟಿ.ವಿ.ಯ ಪಾಠ ಎಲ್ಲರಿಗೂ ಒಂದೇ ವೇಗದಲ್ಲಿ ಸಾಗುತ್ತದೆ. ಅದರಲ್ಲಿ ಚುಕ್ಕೆ ಸರಿಸುವವರು ಬೇರೆಯವರು, ನಾವು ನೋಡುವವರು. ಚುಕ್ಕೆ ನಮ್ಮ ಕೈಯಲ್ಲಿದ್ದಾಗಲೇ 29.6ರ ಮೋಸ ನಮಗೆ ಸಿಕ್ಕಿಬೀಳುತ್ತದೆ.

ಶಾಲೆಯಲ್ಲಿ ಒಂದೇ ಗಣಕ, ಮನೆಯಲ್ಲಿ ಅಪ್ಪನ ಒಂದೇ ಫೋನು, ಅದೂ ಅವರು ಹೊಲದಿಂದ ಬಂದ ಮೇಲೆ ಸಿಗುವುದು ಎಂದು ನೀವು ಹೇಳಬಹುದು. ಅದಕ್ಕೊಂದು ಉಪಾಯವಿದೆ. ನಾಲ್ಕೈದು ಜನ ಗೆಳೆಯರು ಮೊದಲು ತಮ್ಮ ತಮ್ಮ ಊಹೆಯನ್ನು ಕಾಗದದ ಮೇಲೆ ಬರೆದು, ಕೋಷ್ಟಕ ತಯಾರಿಸಿ, ನಕ್ಷೆ ಎಳೆದಿಟ್ಟುಕೊಳ್ಳಿ. ಫೋನು ಕೈಗೆ ಬಂದಾಗ ಹತ್ತು ನಿಮಿಷ ಸಾಕು. ಊಹೆ ಮಾಡದೆ ನೇರವಾಗಿ ಚುಕ್ಕೆ ಸರಿಸಿದರೆ ಅದು ಆಟವಾಗುತ್ತದೆ, ಕಲಿಕೆಯಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಯತ್ನಿಸಲು ಇನ್ನೊಂದು ಲೆಕ್ಕ ಕೊಡುತ್ತೇನೆ. ಅದೇ ರೈತನಿಗೆ ಕಾಲುವೆ ಒಂದು ಬದಿಗೆ, ಅದಕ್ಕೆ ಲಂಬವಾಗಿ ನೆರೆಯವರ ಗೋಡೆ ಇನ್ನೊಂದು ಬದಿಗೆ ಇದೆಯೆನ್ನಿ. ಈಗ ಅದೇ 120 ಮೀಟರ್ ತಂತಿ ಎರಡೇ ಬದಿಗೆ ಸಾಕು. ಸೋತ ಚೌಕ ಈ ಸಲ ಗೆಲ್ಲುತ್ತದೆಯೇ? ಗೆದ್ದರೆ, ಹಿಂದಿನ 1800 ಚದರ ಮೀಟರಿಗಿಂತ ಎಷ್ಟು ಪಟ್ಟು ಜಾಗ ಸಿಗುತ್ತದೆ? ಊಹೆ ಮೊದಲು, ಪರದೆ ಆಮೇಲೆ, ಕೊನೆಗೆ ಪೆನ್ಸಿಲ್ಲು.