ಗಿರಾಕಿಗೆ ದಾರಿ ತೋರುವ ಜಾಲತಾಣ

ಗೋಕಾಕದ ಕರದಂಟು ಇಂದು ಊರಿನ ಅಂಗಡಿಗಳಿಗೆ ಸೀಮಿತವಾಗಿಲ್ಲ. ಅಂತರ್ಜಾಲದ ಮೂಲಕ ದೂರದ ಪಟ್ಟಣಗಳ ಗಿರಾಕಿಗಳೂ ಅದನ್ನು ಮನೆಬಾಗಿಲಿಗೆ ತರಿಸಿಕೊಳ್ಳುತ್ತಾರೆ. ಘಟಪ್ರಭೆಯ ನೀರಿನಿಂದ ಕಬ್ಬು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಬೆಲ್ಲಕ್ಕೂ ಇಂತಹ ಮಾರುಕಟ್ಟೆ ತೆರೆದುಕೊಂಡಿದೆ. ಈ ಕಾರಣದಿಂದ ಸಣ್ಣ ತಯಾರಕರೂ ಸ್ವಂತ ಜಾಲತಾಣ ಹೊಂದಲು ಮುಂದಾಗುತ್ತಿರುವುದು ಸ್ವಾಗತಾರ್ಹ. ಆದರೆ ಜಾಲತಾಣ ಹೊಂದುವುದು ಬೇರೆ, ಅದರಿಂದ ವ್ಯಾಪಾರ ಕುದುರುವುದು ಬೇರೆ.

ಅಂಗಡಿಗೆ ಬಂದ ಗಿರಾಕಿ ಬರಿಗೈಯಲ್ಲಿ ಹೊರಟರೆ ವರ್ತಕರು ಕರೆದು ಕಾರಣ ಕೇಳಬಲ್ಲರು. ಜಾಲತಾಣದಿಂದ ಹೊರಟವನು ಸದ್ದಿಲ್ಲದೆ ಹೋಗುತ್ತಾನೆ. ಆ ನಷ್ಟ ಯಾವ ಖಾತೆಪುಸ್ತಕದಲ್ಲಿಯೂ ನಮೂದಾಗುವುದಿಲ್ಲ.

ಕಾಣದ ನಷ್ಟದ ಲೆಕ್ಕ

ನಾಗನೂರಿನ ಬೆಲ್ಲ ತಯಾರಕರೊಬ್ಬರ ಜಾಲತಾಣವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ 1,000 ಜನ ಭೇಟಿ ನೀಡಿ, ಅವರಲ್ಲಿ 60 ಜನ ಸರಕನ್ನು ಬುಟ್ಟಿಗೆ ಹಾಕಿ, ಕೇವಲ 15 ಜನ ಹಣ ಪಾವತಿಸಿದರು ಎಂದಿಟ್ಟುಕೊಳ್ಳೋಣ. ಕೊಳ್ಳಲು ಮನಸ್ಸು ಮಾಡಿದ 45 ಜನ ಕೊನೆಯ ಹಂತದಲ್ಲಿ ಹಿಂದೆ ಸರಿದಿದ್ದಾರೆ. ಅಡೆತಡೆ ನಿವಾರಿಸಿ ಇವರಲ್ಲಿ 9 ಜನರನ್ನು ಉಳಿಸಿಕೊಂಡರೆ, ಪ್ರತಿ ಬೇಡಿಕೆಗೆ 80 ರೂಪಾಯಿ ಉಳಿತಾಯದಂತೆ ತಿಂಗಳಿಗೆ 720, ವರ್ಷಕ್ಕೆ 8,640 ರೂಪಾಯಿ ಹೆಚ್ಚುವರಿ ಆದಾಯ ಬರುತ್ತದೆ. ಇದಕ್ಕೆ ಜಾಹೀರಾತಿನ ಖರ್ಚಿಲ್ಲ. ಆದ್ದರಿಂದ ಸುಧಾರಣೆಯನ್ನು ಮುಖಪುಟದ ಅಲಂಕಾರದಿಂದಲ್ಲ, ಹಣ ಪಾವತಿಸುವ ಪುಟದಿಂದ ಆರಂಭಿಸಿ ಹಿಂದಕ್ಕೆ ಬರುವುದು ಲಾಭಕರ.

ಬೆಲೆಯಲ್ಲಿ ಮುಚ್ಚುಮರೆ ಬೇಡ

ಬೆಲ್ಲದಂತಹ ಭಾರದ ಸರಕಿಗೆ ಸಾಗಣೆ ವೆಚ್ಚವೇ ದೊಡ್ಡದು. ಮೊದಲು ಬೆಲ್ಲದ ಬೆಲೆಯನ್ನಷ್ಟೇ ತೋರಿಸಿ, ಕೊನೆಯ ಪುಟದಲ್ಲಿ ಸಾಗಣೆ ವೆಚ್ಚ ಸೇರಿಸಿದರೆ ಗಿರಾಕಿಗೆ ಮೋಸ ಹೋದಂತೆನಿಸುತ್ತದೆ. ಆತನ ಪಿನ್ ಕೋಡನ್ನು ಸರಕಿನ ಪುಟದಲ್ಲಿಯೇ ಕೇಳಿ, ಒಟ್ಟು ಮೊತ್ತವನ್ನು ಅಲ್ಲಿಯೇ ತಿಳಿಸುವುದು ಉತ್ತಮ.

ಇದು ಕೇವಲ ಸೌಜನ್ಯದ ಮಾತಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಸ್ವಂತ ದಾಸ್ತಾನನ್ನು ಮಾರುವವರು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ, ಸಾಗಣೆ ವೆಚ್ಚ ಹಾಗೂ ತೆರಿಗೆಯ ವಿವರದೊಡನೆ ತೋರಿಸಬೇಕು. ಗಿರಾಕಿಯ ಸಮ್ಮತಿಯ ಗುರುತನ್ನು ಮಾರುವವರೇ ಮೊದಲೇ ಹಾಕಿಡುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಲಾಗಿದೆ. ಬೆಲೆಯನ್ನು ಹಂತ ಹಂತವಾಗಿ ಏರಿಸುವುದು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು ಇವುಗಳಲ್ಲಿ ಸೇರಿವೆ. ಪೊಟ್ಟಣದ ಸರಕಿಗೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮತ್ತು ವಿಳಾಸವನ್ನು ಪರದೆಯ ಮೇಲೂ ತೋರಿಸುವುದು 2018ರ ಜನವರಿ 1ರಿಂದ ಕಡ್ಡಾಯವಾಗಿದೆ. ಕಾನೂನು ಕೇಳುವ ಈ ಮಾಹಿತಿಯನ್ನೇ ಗಿರಾಕಿಯೂ ಹುಡುಕುತ್ತಿರುತ್ತಾನೆ ಎಂಬುದನ್ನು ವರ್ತಕರು ಗಮನಿಸಬೇಕು.

ಅಕ್ಷರ ಮತ್ತು ಪರದೆ

ಅನೇಕ ಜಾಲತಾಣಗಳಲ್ಲಿ ಕನ್ನಡದ ಬರಹವನ್ನು ಚಿತ್ರವಾಗಿ ಅಂಟಿಸಲಾಗಿರುತ್ತದೆ, ಇಲ್ಲವೇ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಲಾಗಿರುತ್ತದೆ. ಚಿತ್ರದೊಳಗಿನ ಅಕ್ಷರಗಳು ಹುಡುಕಾಟಕ್ಕೆ ಸುಲಭವಾಗಿ ಸಿಗವು. ಹಳೆಯ ಫಾಂಟಿನ ಬರಹವು ಆ ಫಾಂಟಿಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿರುವುದರಿಂದ ಎಲ್ಲ ಬರಹವನ್ನೂ ಯೂನಿಕೋಡಿನಲ್ಲಿಯೇ ಹಾಕಿಸಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ತಿಳಿಬಣ್ಣದ ಹಿನ್ನೆಲೆಯ ಮೇಲೆ ಬೂದು ಅಕ್ಷರಗಳು ನೋಟಕ್ಕೆ ಚೆಂದವಾದರೂ, ಬಿಸಿಲಿನಲ್ಲಿ ನಿಂತು ಮೊಬೈಲ್ ನೋಡುವವರಿಗೆ, ವಯಸ್ಸಾದವರಿಗೆ ಓದಲಾಗದು. ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅನುಪಾತ ಕನಿಷ್ಠ 4.5:1 ಇರಬೇಕೆಂಬುದು ಅಂತಾರಾಷ್ಟ್ರೀಯ ಮಾನದಂಡ. ಒತ್ತುವ ಗುಂಡಿಗಳು ಹೆಬ್ಬೆರಳಿಗೆ ಸುಲಭವಾಗಿ ಸಿಗುವಷ್ಟು ದೊಡ್ಡದಾಗಿರಬೇಕು.

ವೇಗವೂ ಮುಖ್ಯ. ಬಳಕೆಯ ಅನುಕೂಲತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿಯೇ ಹೇಳಿದಂತೆ, ಒಂದು ಸೆಕೆಂಡಿನೊಳಗೆ ಉತ್ತರ ಬಂದರೆ ಬಳಕೆದಾರನ ಯೋಚನೆಯ ಓಟ ಕಡಿಯುವುದಿಲ್ಲ. ಹತ್ತು ಸೆಕೆಂಡು ಮೀರಿದರೆ ಗಮನವೇ ಬೇರೆಡೆ ಸರಿಯುತ್ತದೆ. ಮೊಬೈಲಿನಲ್ಲಿ ತೆಗೆದ ಹಲವು ಎಂಬಿ ಗಾತ್ರದ ಫೋಟೋಗಳನ್ನು ಕುಗ್ಗಿಸದೆ ಹಾಕುವುದು ಪುಟ ನಿಧಾನವಾಗಲು ಒಂದು ಸಾಮಾನ್ಯ ಕಾರಣ. ಪ್ರತಿ ಫೋಟೋವನ್ನು 200 ಕೆಬಿಯ ಒಳಗೆ ತರುವುದಕ್ಕೆ ಖರ್ಚೇನೂ ತಗಲುವುದಿಲ್ಲ.

ಕಡಿಮೆ ಪ್ರಶ್ನೆ, ಸ್ಪಷ್ಟ ಉತ್ತರ

ಒಂದು ಕಿಲೋ ಕರದಂಟು ಕೊಳ್ಳಲು ಬಂದವನಿಗೆ ಖಾತೆ ತೆರೆದು ಪಾಸ್‌ವರ್ಡ್ ಹಾಕುವಂತೆ ಒತ್ತಾಯಿಸಬಾರದು. ಹೆಸರು, ವಿಳಾಸ, ಪಿನ್ ಕೋಡ್, ಮೊಬೈಲ್ ಸಂಖ್ಯೆ ಇಷ್ಟೇ ಸಾಕು. ಹೂಡುವಳಿ ತೆರಿಗೆ ಜಮೆ ಪಡೆಯಬೇಕಾದ ನೋಂದಾಯಿತ ವರ್ತಕರಿಗಾಗಿ 15 ಅಂಕಿ-ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಅಂಕಣವನ್ನು ಐಚ್ಛಿಕವಾಗಿ ಇಡಬಹುದು. ತುಂಬಿದ ವಿವರದಲ್ಲಿ ತಪ್ಪಿದ್ದರೆ ಆ ಅಂಕಣದ ಪಕ್ಕದಲ್ಲಿಯೇ ‘ಪಿನ್ ಕೋಡಿನಲ್ಲಿ ಆರು ಅಂಕಿಗಳಿರಬೇಕು’ ಎಂಬಂತೆ ಸರಳವಾಗಿ ತಿಳಿಸಬೇಕು. ಅಲ್ಲಿಯವರೆಗೆ ತುಂಬಿದ್ದನ್ನು ಅಳಿಸಿಹಾಕಬಾರದು.

ಸಂಸ್ಥೆಯ ವಿಳಾಸ, ದೂರವಾಣಿ ಸಂಖ್ಯೆ ಹಾಗೂ ದೂರು ಆಲಿಸುವ ಅಧಿಕಾರಿಯ ವಿವರ ಎಲ್ಲ ಪುಟಗಳ ಅಡಿಯಲ್ಲಿಯೂ ಇರಲಿ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ನಿಯಮಗಳೇ ಹೇಳುತ್ತವೆ. ಒಡೆದ ಪೊಟ್ಟಣ ತಲುಪಿದರೆ ಏನು ಮಾಡಬೇಕೆಂಬುದನ್ನು ಎರಡು ಸಾಲಿನಲ್ಲಿ ಬರೆದಿಟ್ಟರೆ ಹೊಸ ಗಿರಾಕಿಗೆ ಧೈರ್ಯ ಬರುತ್ತದೆ.

ಐವರ ಪರೀಕ್ಷೆ

ಜಾಲತಾಣ ಮಾಡಿಸಿದವರ ಕಣ್ಣಿಗೆ ಅದರ ಕೊರತೆ ಕಾಣುವುದು ವಿರಳ. ಐದು ಜನರಿಂದ ಪರೀಕ್ಷಿಸಿದರೆ ಬಹುಪಾಲು ತೊಡಕುಗಳು ಬಯಲಾಗುತ್ತವೆ ಎಂದು ನೀಲ್ಸನ್ 2000ದಲ್ಲಿ ಪ್ರತಿಪಾದಿಸಿದರು. ಜಾಲತಾಣವನ್ನು ಹಿಂದೆ ನೋಡಿರದ ಐವರನ್ನು ಆರಿಸಿ, ಅವರವರ ಮೊಬೈಲಿನಲ್ಲಿಯೇ ಎರಡು ಕಿಲೋ ಬೆಲ್ಲಕ್ಕೆ ಬೇಡಿಕೆ ಸಲ್ಲಿಸಲು ಹೇಳಬೇಕು. ಅವರಲ್ಲಿ ಒಬ್ಬರಾದರೂ ಅರವತ್ತು ದಾಟಿದವರಿರಲಿ. ಪಕ್ಕದಲ್ಲಿ ಕುಳಿತವರು ದಾರಿ ಹೇಳಿಕೊಡದೆ, ಯಾರು ಎಲ್ಲಿ ತಡೆದರೆಂಬುದನ್ನಷ್ಟೇ ಬರೆದುಕೊಳ್ಳಬೇಕು. ಇಬ್ಬರು ಒಂದೇ ಕಡೆ ತಡೆದರೆ ದೋಷ ಅವರದಲ್ಲ, ಪುಟದ್ದು. ಅದನ್ನು ತಿದ್ದಿಸಿ, ಮರುತಿಂಗಳು ಬುಟ್ಟಿಗೆ ಬಿದ್ದ ಸರಕಿಗೂ ಪಾವತಿಯಾದ ಬೇಡಿಕೆಗೂ ಇರುವ ಅಂತರವನ್ನು ಮತ್ತೆ ತಾಳೆ ನೋಡಬೇಕು.

ದಾಸ್ತಾನು ಮತ್ತು ಬಾಕಿ ವಸೂಲಿಯನ್ನು ತಿಂಗಳಿಗೊಮ್ಮೆ ಪರಿಶೀಲಿಸುವ ವರ್ತಕರು ಈ ಎರಡು ಅಂಕಿಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡುವುದು ಒಳಿತು.